ಏಳು ಸೀಟಿನ ಗಾಡಿಗೆ ಮಕ್ಕಳೇಕೆ ನಾಚುತ್ತಾರೆ?

ವಿಶಾಖಪಟ್ಟಣದ ಗಾಜುವಾಕದಲ್ಲಿ ನೆಲೆಸಿರುವ ಕನ್ನಡಿಗ ಗೆಳೆಯರೊಬ್ಬರು ಮೊನ್ನೆ ಫೋನು ಮಾಡಿ, ತಮ್ಮ ಬಿಳಿ ಎರ್ಟಿಗಾವನ್ನು ಮಾರಿಬಿಡಲೇ ಎಂದು ಕೇಳಿದರು. ಗಾಡಿ ಚೆನ್ನಾಗಿದೆ, ಮೈಲೇಜಿನ ತಕರಾರೂ ಇಲ್ಲ. ತಕರಾರು ಇರುವುದು ಒಂಬತ್ತನೇ ತರಗತಿಯ ಮಗನದು. "ಅಪ್ಪಾ, ಸ್ಕೂಲ್ ಗೇಟ್ ತನಕ ಬರ್ಬೇಡಿ, ಆ ತಿರುವಲ್ಲೇ ಇಳಿಸಿಬಿಡಿ. ಎಲ್ರೂ ಟ್ಯಾಕ್ಸಿ ಬಂತು ಅಂತಾರೆ" ಎನ್ನುತ್ತಾನಂತೆ. ಅವನ ಕಣ್ಣು ಥಾರ್ ಮೇಲೆ. ಅದಾಗದಿದ್ದರೆ ಐದು ಸೀಟಿನ ಯಾವುದಾದರೂ ಎಸ್‌ಯುವಿ ಆದೀತು. ಮನೆಯಲ್ಲಿ ಅಜ್ಜ, ಅಜ್ಜಿ, ವಿಜಯವಾಡದ ಹಾಸ್ಟೆಲಿನಲ್ಲಿ ಓದುವ ಅಕ್ಕ ಎಲ್ಲರೂ ಸೇರಿ ಆರು ಜನ.

ಗಾಡಿಗಳ ಬಗ್ಗೆ ಬರೆಯುವವನಿಗೆ ಇದು ಸಣ್ಣ ಪ್ರಶ್ನೆಯಲ್ಲ. ಈಗ ಶೋರೂಮಿನಲ್ಲಿ ಅಪ್ಪ-ಅಮ್ಮಂದಿರು ಸಹಿ ಹಾಕುವ ಮೊದಲು ತಿರುಗಿ ನೋಡುವುದು ಮಕ್ಕಳ ಮುಖವನ್ನು. ಹಾಗಾಗಿ ಆ ನಾಚಿಕೆ ನಿಜವೇ, ನಿಜವಾದರೆ ಎಲ್ಲಿಂದ ಬಂತು, ಅದಕ್ಕಾಗಿ ಗಾಡಿ ಬದಲಿಸಬೇಕೇ ಎಂದು ವಿಚಾರಿಸಿ ನೋಡುವುದು ಒಳ್ಳೆಯದು.

ನಾಚಿಕೆ ನಿಜವೇ. ನಮ್ಮಲ್ಲಿ ಅದರ ಬೇರು ಯೆಲ್ಲೋ ಬೋರ್ಡಿನಲ್ಲಿದೆ. 1984ರಲ್ಲಿ ಬಂದ ಮಾರುತಿ ವ್ಯಾನನ್ನು ನೆನೆಯಿರಿ. 796 ಸಿಸಿಯ ಪುಟ್ಟ ಎಂಜಿನ್ನು ಮುಂದಿನ ಸೀಟಿನ ಕೆಳಗೇ ಕೂತಿತ್ತು, ಪಕ್ಕದಲ್ಲಿ ಸರಿಯುವ ಬಾಗಿಲು. 1988ರಲ್ಲಿ ಓಮ್ನಿ ಎಂಬ ಹೆಸರು ಪಡೆದು 2019ರವರೆಗೆ ತಯಾರಾಯಿತು. ತುಂಬು ಸಂಸಾರಗಳು ಅದರಲ್ಲಿ ಮದುವೆಗೆ ಹೋದವು, ತಿರುಪತಿಗೆ ಹೋದವು. ಆದರೆ ಅದೇ ವ್ಯಾನು ಶಾಲೆಯ ಮಕ್ಕಳನ್ನು ತುಂಬಿಕೊಂಡು ಓಡಿತು, ಆಂಬ್ಯುಲೆನ್ಸ್ ಆಯಿತು, ಬ್ರೆಡ್ಡು-ಬನ್ನು ಹೊತ್ತಿತು, ಸಿನಿಮಾಗಳಲ್ಲಿ ಅಪಹರಣಕಾರರ ಖಾಯಂ ಗಾಡಿಯೂ ಆಯಿತು. ಎಲ್ಲ ಕೆಲಸಕ್ಕೂ ಒದಗಿದ್ದೇ ಅದರ ಗೌರವಕ್ಕೆ ಮುಳುವಾಯಿತು. 2001ರಲ್ಲಿ ಮಾರುತಿ ಕಂಪನಿ ವರ್ಸಾ ತಂದಾಗ ಅಮಿತಾಭ್ ಮತ್ತು ಅಭಿಷೇಕ್ ಬಚ್ಚನ್ ಇಬ್ಬರೂ ಜಾಹೀರಾತಿನಲ್ಲಿ ನಿಂತರು. ಆದರೂ ಜನ ಅದನ್ನು ದೊಡ್ಡ ಓಮ್ನಿಯೆಂದೇ ನೋಡಿದರು, ಗಾಡಿ ಓಡಲಿಲ್ಲ.

ಬಿಡದಿಯ ಟೊಯೊಟ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಹೊರಬಂತು. ಬೆಂಗಳೂರಿನ ಕಾಲ್ ಸೆಂಟರುಗಳು ರಾತ್ರಿ ಪಾಳಿಗೆ ಅದನ್ನೇ ಓಡಿಸಿದವು. 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾ ಟ್ರಾವೆಲ್ಸಿನವರ ಕಣ್ಮಣಿಯಾಯಿತು. ಎರ್ಟಿಗಾ ಬಂದದ್ದು 2012ರಲ್ಲಿ. ಈಗ ಅದನ್ನೇ ಟೂರ್ ಎಂ ಎಂಬ ಹೆಸರಿನಲ್ಲಿ ಟ್ಯಾಕ್ಸಿಗೆಂದು ಕಂಪನಿಯೇ ಮಾರುತ್ತದೆ. ವಿಶಾಖಪಟ್ಟಣದ ರೈಲು ನಿಲ್ದಾಣದ ಹೊರಗೆ ಅರಕು, ಬೊರ್ರಾ ಗುಹೆ ಎಂದು ಕೂಗುವವರ ಹಿಂದೆ ನಿಂತಿರುವ ಬಿಳಿ ಗಾಡಿಗಳನ್ನು ಹುಡುಗ ದಿನವೂ ನೋಡುತ್ತಾನೆ. ಅವನ ಅಪ್ಪನ ಗಾಡಿಗೂ ಅವಕ್ಕೂ ಇರುವ ವ್ಯತ್ಯಾಸ ನಂಬರ್ ಪ್ಲೇಟಿನ ಬಣ್ಣವೊಂದೇ. ಗೆಳೆಯರು ಟ್ಯಾಕ್ಸಿ ಎಂದು ನಗುವುದಕ್ಕೆ ಅಷ್ಟು ಸಾಕು.

ಅಮೆರಿಕದ ಕಥೆ ಬೇರೆ. ಅಲ್ಲಿ ಕ್ರೈಸ್ಲರ್ ಕಂಪನಿ, ಲೀ ಐಯಕೋಕ ಅದರ ಮುಖ್ಯಸ್ಥರಾಗಿದ್ದಾಗ, 1983ರ ಕೊನೆಯಲ್ಲಿ ಮಿನಿವ್ಯಾನನ್ನು ಹೊರತಂದಿತು. ತಗ್ಗಿನ ನೆಲ, ಮುಂದಿನ ಚಕ್ರದ ಚಾಲನೆ, ಮನೆಯ ಗ್ಯಾರೇಜಿನೊಳಗೆ ಹಿಡಿಸುವ ಎತ್ತರ. ಸಂಸಾರಸ್ಥರು ಮುಗಿಬಿದ್ದರು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದು ಮಕ್ಕಳನ್ನು ಆಟಕ್ಕೆ ಬಿಟ್ಟು ಬರುವ ಅಮ್ಮಂದಿರ ಗಾಡಿ ಎನಿಸಿಕೊಂಡಿತು. ಅದರಲ್ಲೇ ಬೆಳೆದವರು ತಾವು ಕೊಳ್ಳುವ ಕಾಲ ಬಂದಾಗ ಎಸ್‌ಯುವಿ ಕಡೆ ತಿರುಗಿದರು. ಅಂದರೆ ಅಲ್ಲಿ ಹೆಚ್ಚು ನಾಚಿದವರು ಹೆತ್ತವರು. 2010ರಲ್ಲಿ ಟೊಯೊಟ ಕಂಪನಿ ತನ್ನ ಸಿಯೆನ್ನಾ ವ್ಯಾನಿಗೆ ಅಪ್ಪ-ಅಮ್ಮ ರ‍್ಯಾಪ್ ಹಾಡುವ ಜಾಹೀರಾತು ಮಾಡಿಸಿದ್ದು ಅವರ ಸಂಕೋಚ ಕಳೆಯಲೆಂದೇ. ನಮ್ಮಲ್ಲಿ ಹೆತ್ತವರಿಗೆ ಈ ಸಂಕೋಚವಿಲ್ಲ. ಎಂಎಲ್‌ಎಗಳ, ಅಧಿಕಾರಿಗಳ ಬೆಂಗಾವಲಲ್ಲಿ ಸಾಲಾಗಿ ಹೋಗುವುದೂ ಬಿಳಿ ಇನ್ನೋವಾಗಳೇ ಅಲ್ಲವೇ? ಒಂದೇ ಗಾಡಿ ಸೈರನ್ನಿನ ಹಿಂದೆ ಹೋದರೆ ದರ್ಬಾರು, ಶಾಲೆಯ ಗೇಟಿಗೆ ಬಂದರೆ ಅವಮಾನ ಎಂದಮೇಲೆ ದೋಷ ಗಾಡಿಯ ಆಕಾರದಲ್ಲಿಲ್ಲ.

ಹದಿಹರೆಯದ ಮನಸ್ಸನ್ನು ಅಭ್ಯಾಸ ಮಾಡಿದವರು ಇದನ್ನು ಎಂದೋ ಗುರುತಿಸಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲಿ ಬರೆದ ಪ್ರಬಂಧದ ತಿರುಳು ಇಷ್ಟು: ಆ ವಯಸ್ಸಿನವರಿಗೆ ತಮ್ಮ ಸುತ್ತ ಸದಾ ಒಂದು ಪ್ರೇಕ್ಷಕ ವರ್ಗ ನೆರೆದಿದೆ, ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಎನಿಸುತ್ತದೆ. ಆ ಪ್ರೇಕ್ಷಕರ ಕಣ್ಣಿಗೆ ಅಪ್ಪನ ಅಂಗಿಯೂ ಸಾಲದು, ಅಮ್ಮ ಗೇಟಿನ ಬಳಿ ಹೆಸರು ಹಿಡಿದು ಕರೆಯುವುದೂ ಸಾಲದು. ಗಾಡಿ ಅವೆಲ್ಲಕ್ಕಿಂತ ದೊಡ್ಡದಾಗಿ ಕಾಣುವ ವಸ್ತುವಾದ್ದರಿಂದ ಮೊದಲ ಪೆಟ್ಟು ಅದಕ್ಕೆ ಬೀಳುತ್ತದೆ. ಎರ್ಟಿಗಾ ಹೋಗಿ ಥಾರ್ ಬಂದರೂ ಹುಡುಗ ಆ ತಿರುವಿನಲ್ಲೇ ಇಳಿಯುವ ಸಾಧ್ಯತೆಯೇ ಹೆಚ್ಚು. ಸ್ಟೀರಿಂಗ್ ಹಿಡಿದು ಕೂತಿರುವವರು ಅಪ್ಪನೇ ತಾನೇ.

ಕಂಪನಿಗಳಿಗೂ ಈ ನಾಚಿಕೆಯ ಸುಳಿವು ಸಿಕ್ಕಿದೆ. 2019ರಲ್ಲಿ ಮಾರುತಿ ಎರ್ಟಿಗಾಕ್ಕೇ ಎತ್ತರದ ಮೂತಿ, ಸುತ್ತಲೂ ಕಪ್ಪು ಅಂಚು ಕಟ್ಟಿ ಆರು ಸೀಟಿನ ಎಕ್ಸ್‌ಎಲ್6 ಎಂದು ಮಾರಿತು. 2022ರ ಕೊನೆಯಲ್ಲಿ ಬಂದ ಇನ್ನೋವಾ ಹೈಕ್ರಾಸ್ ಎಸ್‌ಯುವಿಯ ಮುಖ ಹೊತ್ತಿದೆ. ಅದೇ ವರ್ಷ ಫೆಬ್ರುವರಿಯಲ್ಲಿ ಬಂದ ಕಿಯಾ ಕ್ಯಾರೆನ್ಸ್ ಕೂಡ ತನ್ನನ್ನು ವ್ಯಾನ್ ಎಂದು ಕರೆದುಕೊಳ್ಳಲಿಲ್ಲ. ಅದು ತಯಾರಾಗುವುದು ಆಂಧ್ರದ ಪೆನುಕೊಂಡದಲ್ಲಿ. 1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಊರದು, ನಮ್ಮ ಗಡಿಗೆ ತೀರ ಹತ್ತಿರ. ದೇಶದ ಸಂಸಾರಗಳನ್ನು ಹೊತ್ತೊಯ್ಯುವ ಗಾಡಿಗಳಲ್ಲಿ ಎರಡು ಬಿಡದಿಯಿಂದಲೂ ಪೆನುಕೊಂಡದಿಂದಲೂ ಹೊರಡುತ್ತವೆ ಎಂಬುದು ನನಗೆ ಸಂತೋಷದ ಸಂಗತಿ. ಅವುಗಳಿಗೆ ವೇಷ ಹಾಕಬೇಕಾಗಿ ಬಂದದ್ದು ಮಾತ್ರ ಬೇಸರದ್ದು.

ಈ ಗಾಡಿಗಳ ಯೋಗ್ಯತೆ ತಿಳಿಯಬೇಕಾದರೆ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋಗಬೇಕು. ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಸುಮಾರು 350 ಕಿ.ಮೀ. ದಾರಿಯಲ್ಲಿ ಅನ್ನವರದ ಸತ್ಯನಾರಾಯಣ ಸ್ವಾಮಿಯ ಬೆಟ್ಟ, ಅಲ್ಲಿ ಎಲೆಯಲ್ಲಿ ಕಟ್ಟಿಕೊಡುವ ಗೋಧಿ-ಬೆಲ್ಲದ ಪ್ರಸಾದ. ಗೋದಾವರಿ ದಾಟಿದರೆ ಆತ್ರೇಯಪುರದ ಪೂತರೇಕುಲು. ಮುಂದೆ ಏಲೂರು, ಆಮೇಲೆ ಕೃಷ್ಣಾ ತೀರ. ಈ ದಾರಿಯಲ್ಲಿ ಅಜ್ಜ-ಅಜ್ಜಿಯರನ್ನು ಮನೆಯಲ್ಲಿ ಬಿಟ್ಟು ಹೋಗುವವರು ಕಡಿಮೆ. ಥಾರ್‌ನ ಮೂರು ಬಾಗಿಲಿನ ಮಾದರಿಗೆ ಇರುವುದು ನಾಲ್ಕೇ ಸೀಟು, ಹಿಂದೆ ಹತ್ತಲು ಮುಂದಿನ ಸೀಟು ಮಡಚಬೇಕು. ಮಂಡಿ ನೋವಿನ ಅಜ್ಜಿಗೆ ಅದು ಆಗದ ಮಾತು. ಐದು ಸೀಟಿನ ಎಸ್‌ಯುವಿ ತಂದರೆ ಆರನೆಯವರು ಬಸ್ಸು ಹಿಡಿಯಬೇಕು. ಎರ್ಟಿಗಾದ ನೆಲ ತಗ್ಗು, ಬಾಗಿಲು ಅಗಲ, ಅಜ್ಜಿ ಸೀರೆ ಎತ್ತಿ ಹಿಡಿಯದೆ ಕೂರುತ್ತಾರೆ.

ವಿಜಯವಾಡದ ಬಿಸಿಲು ಇನ್ನೊಂದು ಪರೀಕ್ಷೆ. ಮೇ ತಿಂಗಳಲ್ಲಿ 45 ಡಿಗ್ರಿ ದಾಟಿದ ದಿನಗಳನ್ನು ಕಂಡ ಊರದು. ಹಿಂದಿನ ಸಾಲಿಗೂ ತಂಪು ಗಾಳಿ ಮುಟ್ಟುತ್ತದೆಯೇ ಎಂಬುದು ಅಲ್ಲಿ ಮೊದಲ ಪ್ರಶ್ನೆ. ಇನ್ನೋವಾ ಜನರ ಮನಸ್ಸು ಗೆದ್ದದ್ದರಲ್ಲಿ ಹಿಂದಿನ ಸಾಲುಗಳಿಗೂ ಎ.ಸಿ. ಗಾಳಿ ಒದಗಿಸಿದ್ದರ ಪಾಲು ದೊಡ್ಡದು. ಈ ಗಾಡಿಗಳ ಕೊರತೆಯನ್ನೂ ಹೇಳಬೇಕು. ಮೂರೂ ಸಾಲಿನಲ್ಲಿ ಜನ ಕೂತರೆ ಎರ್ಟಿಗಾದ ಡಿಕ್ಕಿಯಲ್ಲಿ ಉಳಿಯುವುದು 209 ಲೀಟರ್ ಜಾಗ. ಆರು ಜನರ ಸೂಟ್‌ಕೇಸು ಅದರಲ್ಲಿ ಹಿಡಿಸುವುದಿಲ್ಲ. ಅನಂತಗಿರಿಯ ತಿರುವುಗಳಲ್ಲಿ ಅರಕಿಗೆ ಹತ್ತುವಾಗ ಕೊನೆಯ ಸಾಲಿನವರಿಗೆ ಹೊಟ್ಟೆ ತೊಳಸುತ್ತದೆ. ಆ ಸಾಲು ಹಿಂದಿನ ಬಾಗಿಲಿಗೆ ತೀರ ಹತ್ತಿರವಾದ್ದರಿಂದ ಅಲ್ಲಿ ಕೂತವರಿಗೂ ಬೆಲ್ಟು, ತಲೆಯಾಸರೆ ಇರಲೇಬೇಕು. ಹೆತ್ತವರ ತಲೆಬಿಸಿಗೆ ಯೋಗ್ಯವಾದ ವಿಷಯಗಳು ಇವು.

ಗೆಳೆಯರ ಮನೆಯಲ್ಲೇ ಇನ್ನೊಂದು ಸಾಕ್ಷಿಯಿದೆ. ವಿಜಯವಾಡ ವಸತಿ ಜೂನಿಯರ್ ಕಾಲೇಜುಗಳಿಗೆ ಹೆಸರಾದ ಊರು. ಭೇಟಿಯ ಭಾನುವಾರಗಳಲ್ಲಿ ಕಾಲೇಜಿನ ಮುಂದೆ ಇಂಥ ಗಾಡಿಗಳು ಸಾಲುಗಟ್ಟುತ್ತವೆ. ಇವರ ಮಗಳು ಎರಡು ವರ್ಷದ ಹಿಂದೆ ತಮ್ಮನಂತೆಯೇ ಮುಖ ಗಂಟಿಕ್ಕಿಕೊಳ್ಳುತ್ತಿದ್ದಳಂತೆ. ಈಗ ಅವಳೇ ರೂಮಿನ ಗೆಳತಿಯರನ್ನು ಕರೆತಂದು ಗಾಡಿಯಲ್ಲಿ ಕೂರಿಸುತ್ತಾಳೆ. ಅಜ್ಜಿಯ ಚಿತ್ರಾನ್ನ, ಕೋಡುಬಳೆಯ ಡಬ್ಬಿಗಳು ಸಾಲಿನಿಂದ ಸಾಲಿಗೆ ಹೋಗುತ್ತವೆ. ಗಾಡಿ ಅದೇ, ಬಣ್ಣ ಅದೇ. ಮನೆಯಿಂದ ದೂರವಿದ್ದವಳಿಗೆ ಅದರೊಳಗೆ ಯಾರು ಕೂತು ಬಂದಿದ್ದಾರೆ ಎಂಬುದು ಮುಖ್ಯವಾಗಿದೆ.

ಹಾಗೆಂದು ತಮ್ಮನ ಮಾತನ್ನು ತಳ್ಳಿಹಾಕಬಾರದು. ಹದಿನಾಲ್ಕರ ನಾಚಿಕೆ ಅವನ ಮಟ್ಟಿಗೆ ನಿಜವಾದ ನೋವು. ಅವನು ಕೇಳಿದ ತಿರುವಿನಲ್ಲೇ ನಿಲ್ಲಿಸಿ, ಮಾತು ಬೆಳೆಸಬೇಡಿ. ಮುಂದೆ ಗಾಡಿ ಕೊಳ್ಳುವಾಗ ಬಿಳಿ ಬಿಟ್ಟು ಬೇರೆ ಬಣ್ಣ ನೋಡಿ, ಆಯ್ಕೆ ಅವನಿಗೇ ಬಿಡಿ. ಟ್ಯಾಕ್ಸಿಯ ಹೋಲಿಕೆ ಅರ್ಧ ಅಲ್ಲಿಗೇ ಕಳಚುತ್ತದೆ. ಸಮುದ್ರದ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುವ ಊರಿನಲ್ಲಿ ಗಾಡಿಯನ್ನು ತೊಳೆದು ಫಳಫಳ ಇಟ್ಟುಕೊಳ್ಳಿ, ಆ ಕೆಲಸದಲ್ಲಿ ಅವನನ್ನೂ ಸೇರಿಸಿಕೊಳ್ಳಿ. ಕೈಯಾರೆ ಆರೈಕೆ ಮಾಡಿದ ಗಾಡಿಯನ್ನು ಹಳಿಯಲು ಯಾರಿಗೂ ಅಷ್ಟು ಸುಲಭವಾಗಿ ಮನಸ್ಸು ಬರುವುದಿಲ್ಲ.

ಆದರೆ ಗಾಡಿಯನ್ನು ಮಾರಬೇಡಿ. ಆ ವಯಸ್ಸಿನ ನಾಚಿಕೆ ಎರಡು ಮೂರು ವರ್ಷದಲ್ಲಿ ತಾನಾಗಿ ಕಳೆಯುತ್ತದೆ. ಅದಕ್ಕೆಂದು ಮಾಡಿದ ಕಾರಿನ ಸಾಲದ ಕಂತು ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಆರು ಜನರ ಮನೆಗೆ ಏಳು ಸೀಟಿನ ಗಾಡಿಯೇ ಸರಿ. ಬದಲಿಸಲೇಬೇಕೆಂದಿದ್ದರೆ ಶೋರೂಮಿಗೆ ಹೋಗುವಾಗ ಅಜ್ಜಿಯನ್ನೂ ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರಿಬ್ಬರೂ ಹತ್ತಿ, ಇಳಿದು, ಕೊನೆಯ ಸಾಲಿನಲ್ಲಿ ಅರ್ಧ ಗಂಟೆ ಕೂತು ನೋಡಲಿ. ಆಮೇಲೆ ಸಹಿ ಹಾಕಿ.