ನಿರಾಶ್ರಿತನೊಬ್ಬನ ಕಥೆಯೂ ದಾನದ ವಿಚಾರವೂ

ಸೂಡಾನ್ ದೇಶದಲ್ಲಿ 1983ರಲ್ಲಿ ಹೊತ್ತಿದ ಅಂತರ್ಯುದ್ಧವು 2005ರ ಒಪ್ಪಂದದವರೆಗೂ ಆರಲಿಲ್ಲ. ಅದರಲ್ಲಿ ಮಡಿದವರು ಸುಮಾರು 20 ಲಕ್ಷವೆಂದೂ, ನೆಲೆತಪ್ಪಿದವರು ಸುಮಾರು 40 ಲಕ್ಷವೆಂದೂ ಅಂದಾಜು. ಹಾಗೆ ನೆಲೆತಪ್ಪಿದವರಲ್ಲಿ ಒಬ್ಬನಾದ ವ್ಯಾಲೆಂಟೀನೋ ಅಚಾಕ್ ಡೆಂಗ್ ಎಂಬಾತನ ಜೀವನವನ್ನು ಅಮೆರಿಕದ ಲೇಖಕ ಡೇವ್ ಎಗರ್ಸ್ ಅವರು ಆತನ ಬಾಯಿಂದಲೇ ಕೇಳಿ, 2006ರಲ್ಲಿ 'ವಾಟ್ ಈಸ್ ದ ವಾಟ್' ಎಂಬ ಕಾದಂಬರಿಯನ್ನಾಗಿ ಪ್ರಕಟಿಸಿದರು.

ಮರಿಯಲ್ ಬಾಯ್ ಎಂಬ ಊರು ದಾಳಿಗೆ ತುತ್ತಾಗಲು, ಡಿಂಕಾ ಜನಾಂಗದ ಈ ಬಾಲಕನು ಇತರ ಬಾಲಕರೊಡನೆ ಕಾಲ್ನಡೆಯಿಂದ ಇಥಿಯೋಪಿಯವನ್ನು ಸೇರುತ್ತಾನೆ. 1991ರಲ್ಲಿ ಅಲ್ಲಿಯ ಪ್ರಭುತ್ವವು ಉರುಳಲು, ಗಿಲೋ ನದಿಯನ್ನು ಹಾಯ್ದು ಓಡಿ, ಕೊನೆಗೆ ಕೀನ್ಯದ ಕಾಕುಮಾ ಶಿಬಿರದಲ್ಲಿ ಬೆಳೆಯುತ್ತಾನೆ. 1992ರಲ್ಲಿ ತೆರೆದ ಆ ಶಿಬಿರವು ಮೂರು ದಶಕಗಳು ಕಳೆದರೂ ಮುಚ್ಚಲಿಲ್ಲ.

ದಾನಕ್ಕೆ ಪಾತ್ರಾಪಾತ್ರ ವಿವೇಚನೆ ಬೇಕೆಂದು ಪೂರ್ವಿಕರು ವಿಧಿಸಿದ್ದರು. ಕಾಕುಮಾದಲ್ಲಿ ಆ ವಿವೇಚನೆಯನ್ನು ಆಹಾರದ ಚೀಟಿಯು ಮಾಡುತ್ತದೆ. ಒಂದು ಚೀಟಿ ಸಾಲದೆ ಬೇರೆ ಹೆಸರಿನಿಂದ ಮತ್ತೊಮ್ಮೆ ಶಿಬಿರವನ್ನು ಹೊಗುವವರನ್ನು ಗ್ರಂಥವು ಮರೆಮಾಚುವುದಿಲ್ಲ, ಹಳಿಯುವುದೂ ಇಲ್ಲ. ಇದಕ್ಕಿಂತ ತೀಕ್ಷ್ಣವಾದ ಮಾತೊಂದನ್ನು ನಾಯಕನೇ ಆಡುತ್ತಾನೆ: ದಾನಿಗಳೂ ಪತ್ರಕರ್ತರೂ ಇಂಥಿಂಥ ಅಂಶಗಳನ್ನೇ ನಿರೀಕ್ಷಿಸುವುದರಿಂದ ಆ ಬಾಲಕರ ಕಥೆಗಳೆಲ್ಲ ಕ್ರಮೇಣ ಒಂದೇ ಅಚ್ಚಿಗೆ ಇಳಿದವು. ದಾನಕ್ಕೆ ಪಾತ್ರನಾಗಬೇಕಾದವನು ಮೊದಲು ಕಥೆಯ ಪಾತ್ರವಾಗಬೇಕಾಯಿತು. ಗ್ರಂಥದ ಸಾರವು ಇಲ್ಲಿದೆ.

ನಿರೂಪಣೆಯ ಕ್ರಮವೂ ಇದಕ್ಕೆ ಒಪ್ಪುವಂತಿದೆ. ಅಮೆರಿಕವನ್ನು ಸೇರಿದ ನಾಯಕನ ಮನೆಗೆ ಕಳ್ಳರು ನುಗ್ಗುತ್ತಾರೆ. ಕಟ್ಟಿಬಿದ್ದ ಆತನು ತನ್ನನ್ನು ಕಾಯುವ ಹುಡುಗನಿಗೂ, ಬಳಿಕ ಆಸ್ಪತ್ರೆಯ ನೌಕರನಿಗೂ ತನ್ನ ಕಥೆಯನ್ನು ಮನಸ್ಸಿನಲ್ಲಿಯೇ ಹೇಳಿಕೊಳ್ಳುತ್ತಾನೆ. ದೂರದ ದಾತನು ಬೇಡಿದ ಕಥೆಯು ನೆರೆಯವನಿಗೆ ಬೇಡವಾಗಿದೆ.

ಗ್ರಂಥವು ನಿರ್ದೋಷವಲ್ಲ. 'ನಾನು' ಎಂಬ ಪದವು ಡೆಂಗನದು, ವಾಕ್ಯಗಳು ಎಗರ್ಸರವು. ಕಂಡದ್ದೆಷ್ಟು, ಕಟ್ಟಿದ್ದೆಷ್ಟು ಎಂಬುದನ್ನು ವಾಚಕನು ವಿಂಗಡಿಸಲಾರನು. ಕಲ್ಪನೆಯೂ ಸೇರಿದೆಯೆಂದು ಮುನ್ನುಡಿಯು ಪ್ರಾಮಾಣಿಕವಾಗಿ ಒಪ್ಪಿಕೊಂಡಿದೆ. ಆದರೂ ದಾನಿಗಳು ನಿರೀಕ್ಷಿಸುವ ಸಿಂಹವು ಇಲ್ಲಿಯೂ ಬರುತ್ತದೆ. ತಾನು ತೋರಿಸಿದ ದೋಷದಿಂದ ಗ್ರಂಥವು ತಾನೇ ಪೂರ್ಣವಾಗಿ ಪಾರಾಗಿಲ್ಲ.

ಗ್ರಂಥದಿಂದ ಬಂದ ಹಣವು ಡೆಂಗನ ಸಂಸ್ಥೆಗೆ ಸಂದು, 2009ರಲ್ಲಿ ಮರಿಯಲ್ ಬಾಯಿಯಲ್ಲಿ ಪ್ರೌಢಶಾಲೆಯೊಂದು ತೆರೆಯಿತು. ಕಾದಂಬರಿಯ ಗುಣವನ್ನು ಇದರಿಂದ ಅಳೆಯಲಾಗದು. ಆದರೆ ಬೇಡಿದ ಕೈಯೇ ನೀಡುವ ಕೈಯಾದುದು ಗಮನಾರ್ಹ. ಹಸಿದವನ ಕಥೆಯನ್ನು ಕೇಳುವುದಕ್ಕೆ ಮೊದಲೇ ಬಡಿಸಬೇಕು, ಬಡಿಸಿದ ಮೇಲೂ ಕೇಳಬೇಕು ಎಂಬುದನ್ನು ಈ ಗ್ರಂಥವು ಸಹೃದಯರಿಗೆ ಮನಗಾಣಿಸುತ್ತದೆ.