ಬ್ಯಾಡಗಿಯ ದರಪಟ್ಟಿ ಹೇಳದೆ ಬಿಟ್ಟದ್ದು

ಕರ್ನಾಟಕದ ಎಪಿಎಂಸಿಗಳಲ್ಲಿ ಖರೀದಿದಾರರು ಕಂಪ್ಯೂಟರಿನಲ್ಲಿ ದರ ಹಾಕುವ ಇ-ಟೆಂಡರ್ ವ್ಯವಸ್ಥೆಗೆ ಸಿಕ್ಕಷ್ಟು ಹೊಗಳಿಕೆ ಇತ್ತೀಚಿನ ಬೇರಾವ ಸರ್ಕಾರಿ ಸುಧಾರಣೆಗೂ ಸಿಕ್ಕಿರಲಿಕ್ಕಿಲ್ಲ. 2014ರಲ್ಲಿ ರಾಜ್ಯ ಸರ್ಕಾರ ಎನ್‌ಸಿಡಿಇಎಕ್ಸ್ ಬಳಗದ ಸಂಸ್ಥೆಯೊಂದಿಗೆ ಸೇರಿ ಕಟ್ಟಿದ ಏಕೀಕೃತ ಮಾರುಕಟ್ಟೆ ವೇದಿಕೆ, ಅದನ್ನು ಮಾದರಿಯಾಗಿಟ್ಟುಕೊಂಡು 2016ರ ಏಪ್ರಿಲ್ 14ರಂದು ಕೇಂದ್ರ ಆರಂಭಿಸಿದ ರಾಷ್ಟ್ರೀಯ ವೇದಿಕೆ ಇ-ನಾಮ್, ಇವುಗಳ ಕಥೆ ಎಲ್ಲರಿಗೂ ಗೊತ್ತಿದೆ. ನನ್ನ ತಕರಾರು ಬೇರೆ. ಮಾರುಕಟ್ಟೆ ಪ್ರಾಂಗಣವೂ ಒಂದು ಕೆಲಸದ ಜಾಗ. ಅಲ್ಲಿ ರೈತ, ದಲಾಲ, ಖರೀದಿದಾರ, ಹಮಾಲ, ತೂಕದವನು, ಸಮಿತಿಯ ಸಿಬ್ಬಂದಿ ಒಂದೇ ದಿನದೊಳಗೆ ಒಬ್ಬರ ಕೆಲಸಕ್ಕೆ ಒಬ್ಬರು ಹೆಗಲು ಕೊಟ್ಟು ಮುಗಿಸಬೇಕು. ಇವರ ನಡುವಿನ ಮಾತುಕತೆಯ ಸಾಧನವಾಗಿ ನೋಡಿದರೆ ಇ-ಟೆಂಡರ್ ಸೋತಿದೆ. ಅದರ ಕೀರ್ತಿ ಅರ್ಹತೆಗಿಂತ ಬಹಳ ದೊಡ್ಡದು.

ಆ ಸೋಲು ಎಲ್ಲರ ಕಣ್ಣಿಗೆ ಬಿದ್ದದ್ದು 2024ರ ಮಾರ್ಚ್ 11ರ ಸೋಮವಾರ, ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ. ಸೋಮವಾರ ಮತ್ತು ಗುರುವಾರ ಅಲ್ಲಿ ಮೆಣಸಿನಕಾಯಿ ವಹಿವಾಟು. ಅಂದು ಲಕ್ಷಗಟ್ಟಲೆ ಚೀಲ ಬಂದಿತ್ತು. ಕೆಲವೇ ದಿನಗಳ ಹಿಂದೆ ಕ್ವಿಂಟಲ್‌ಗೆ 20,000 ರೂಪಾಯಿಯ ಆಸುಪಾಸಿನಲ್ಲಿದ್ದ ದರ 8,000ಕ್ಕೆ ಕುಸಿಯಿತು ಎಂದು ರೈತರು ಕೆರಳಿದರು. ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು. ಆ ಹಿಂಸೆಯನ್ನು ಸಮರ್ಥಿಸಲಾಗದು. ಆದರೆ ಅದನ್ನು ‘ಹೊರಗಿನವರ ಪುಂಡಾಟ’ ಎಂದು ಬದಿಗಿಟ್ಟವರ ಮಾತನ್ನೂ ಒಪ್ಪಲಾಗದು. ಬ್ಯಾಡಗಿ ಮಾರುಕಟ್ಟೆ ಬೆಳೆದದ್ದೇ ಬಳ್ಳಾರಿ, ರಾಯಚೂರು, ಕರ್ನೂಲು, ಆದೋನಿಗಳ ಕಡೆಯಿಂದ ಬರುವ ಮಾಲಿನ ಮೇಲೆ. ಮಾಲು ತಂದಾಗ ನಮ್ಮವರು, ಪ್ರಶ್ನೆ ಕೇಳಿದಾಗ ಹೊರಗಿನವರು ಎನ್ನುವುದು ನ್ಯಾಯವಲ್ಲ.

ಈಗ ಆ ಸಾಧನವನ್ನೇ ಹತ್ತಿರದಿಂದ ನೋಡೋಣ. ದಿನದ ದರಪಟ್ಟಿಯಲ್ಲಿ ಡಬ್ಬಿ, ಕಡ್ಡಿ, ಗುಂಟೂರು ಎಂದು ಮೆಣಸಿನಕಾಯಿಯ ಬಗೆಗಳ ಸಾಲುಗಳು. ಪ್ರತಿ ಸಾಲಿನಲ್ಲೂ ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ದರ. ಗರಿಷ್ಠ ದರ ಒಂದೇ ಒಂದು ಲಾಟಿಗೆ ಸಿಕ್ಕಿದ್ದಿರಬಹುದು: ಚೆನ್ನಾಗಿ ಒಣಗಿದ, ಕಲೆಯಿಲ್ಲದ, ಕಡುಗೆಂಪು ಡಬ್ಬಿಯ ನಾಲ್ಕು ಚೀಲಕ್ಕೆ. ಪತ್ರಿಕೆಯ ತಲೆಬರಹಕ್ಕೆ ಏರುವುದು ಅದೇ. ಮೊಬೈಲಿನಿಂದ ಮೊಬೈಲಿಗೆ ಹಾರುವುದೂ ಅದೇ. ಸಿರುಗುಪ್ಪದ ಕಡೆ 2043 ಅಥವಾ 5531 ಹೈಬ್ರಿಡ್ ಬೆಳೆದ ರೈತ ಆ ಸಂಖ್ಯೆಯನ್ನು ನೋಡಿ ಲಾರಿ ಹೇರುತ್ತಾನೆ. ಅವನ ಮಾಲಿಗೂ ಆ ಸಂಖ್ಯೆಗೂ ಸಂಬಂಧವೇ ಇಲ್ಲ. ಅವನಿಗೆ ಬೇಕಾದದ್ದು ಮಾದರಿ ದರ, ಅಂದರೆ ಹೆಚ್ಚಿನ ಮಾಲು ಮಾರಾಟವಾದ ದರ. ಅದು ಯಾವ ತಲೆಬರಹಕ್ಕೂ ಏರುವುದಿಲ್ಲ. ಅದನ್ನು ಹುಡುಕಿ ಓದಿದರೂ ಎಷ್ಟು ಲಾಟುಗಳು ಆ ದರದ ಸುತ್ತ ಇದ್ದವು, ಎಷ್ಟು ಅದರಿಂದ ದೂರ ಬಿದ್ದವು ಎಂದು ತಿಳಿಯುವುದಿಲ್ಲ.

ಬೆಲೆ ಕಟ್ಟುವ ಗುಣಗಳ ಬಗ್ಗೆಯಂತೂ ಪಟ್ಟಿ ಮೌನ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಸರು ನಿಂತಿರುವುದು ಖಾರದ ಮೇಲಲ್ಲ, ಬಣ್ಣದ ಮೇಲೆ. ಕಾಯಿಯ ಸತ್ವವಾದ ಓಲಿಯೊರೆಸಿನ್ ತೆಗೆಯುವ ಕಾರ್ಖಾನೆಗಳು ಬಣ್ಣವನ್ನು ಪ್ರಯೋಗಾಲಯದಲ್ಲಿ ಆಸ್ಟಾ ಮಾನದಲ್ಲಿ ಅಳೆಯುತ್ತವೆ. ಪ್ರಾಂಗಣದಲ್ಲಿ ಖರೀದಿದಾರ ಕಾಯಿ ಮುರಿದು, ತೇವ ನೋಡಿ, ತೊಗಟೆ ತಿಕ್ಕಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಆ ಲೆಕ್ಕ ಅವನಲ್ಲೇ ಉಳಿಯುತ್ತದೆ. ಕಂಪ್ಯೂಟರಿಗೆ ಹೋಗುವುದು ಬರೀ ದರ. ತೇವ ಹೆಚ್ಚಿತ್ತೋ, ಬಣ್ಣ ಕಡಿಮೆಯಿತ್ತೋ, ಬಿಳಿಗಾಯಿ ಬೆರೆತಿತ್ತೋ, ಅಥವಾ ಮಾಲು ಸರಿಯಿದ್ದೂ ಆವಕ ಮಿತಿಮೀರಿದ್ದರಿಂದ ಬೆಲೆ ಬಿತ್ತೋ? ರೈತನಿಗೆ ತಿಳಿಯದು. ಈ ನಾಲ್ಕು ಕಾರಣಗಳಿಗೆ ಅವನು ಮಾಡಬೇಕಾದ ಕೆಲಸವೂ ನಾಲ್ಕು ಬಗೆ.

ಇನ್ನೂ ಮುಖ್ಯವಾದದ್ದು ಒಂದಿದೆ. ಟೆಂಡರಿನಲ್ಲಿ ಬಂದ ದರ ಒಪ್ಪದಿದ್ದರೆ ಮಾರಾಟ ನಿರಾಕರಿಸುವ ಹಕ್ಕು ರೈತನಿಗಿದೆ. ವ್ಯವಸ್ಥೆಯನ್ನು ಹೊಗಳುವವರು ಇದನ್ನು ಮರೆಯದೆ ಹೇಳುತ್ತಾರೆ. ಆದರೆ ಆ ಹಕ್ಕನ್ನು ಬಳಸಲು ಏನು ಗೊತ್ತಿರಬೇಕು? ತನ್ನ ಲಾಟಿಗೆ ಎಷ್ಟು ಜನ ದರ ಹಾಕಿದರು, ಎರಡನೆಯ ದರ ಎಷ್ಟು ಎಂಬುದು. ಹತ್ತು ಜನ ಹತ್ತಿರಹತ್ತಿರದ ದರ ಹಾಕಿದ್ದರೆ ಅಂದಿನ ಬೆಲೆಯೇ ಅಷ್ಟು, ಮಾರುವುದು ಜಾಣತನ. ಒಬ್ಬನೇ ಹಾಕಿದ್ದರೆ ಗುರುವಾರದವರೆಗೆ ಕಾಯಬಹುದು, ಇಲ್ಲವೇ ಶೀತಲಗೃಹದಲ್ಲಿ ಇಡಬಹುದು. ರೈತನ ಕೈಗೆ ಬರುವುದು ಅತಿ ಹೆಚ್ಚಿನ ದರವೆಂಬ ಒಂದೇ ಸಂಖ್ಯೆ. ಉಳಿದ ದರಗಳೆಲ್ಲ ಅದೇ ಕಂಪ್ಯೂಟರಿನಲ್ಲಿವೆ. ಕೊಡಲು ಹೊಸ ಯಂತ್ರ ಬೇಡ, ಹೊಸ ಕಾಯ್ದೆ ಬೇಡ. ಟೆಂಡರ್ ಮುಗಿಯುವವರೆಗೆ ಗುಟ್ಟು ಕಾಯುವುದು ಸರಿ. ಮುಗಿದ ಮೇಲೂ ಮಾಲಿನ ಒಡೆಯನಿಂದಲೇ ಅದನ್ನು ಮುಚ್ಚಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಮಾಹಿತಿಯಿಲ್ಲದ ನಿರಾಕರಣೆಯ ಹಕ್ಕು ಕಾಗದದ ಮೇಲಿನ ಹಕ್ಕು.

ಈ ವೇದಿಕೆಯ ಕೀರ್ತಿ ಕಟ್ಟಿದ ಅರ್ಥಶಾಸ್ತ್ರಜ್ಞರೊಂದಿಗೂ ಜಗಳವಿದೆ. 2013-14ರಿಂದ 2015-16ರ ನಡುವೆ ಕರ್ನಾಟಕದ ರೈತರಿಗೆ ಸಿಕ್ಕ ಬೆಲೆ ಶೇ 38ರಷ್ಟು ಏರಿತೆಂದು ನೀತಿ ಆಯೋಗ ಹೇಳಿತು. ಶ್ರೇಯವೆಲ್ಲ ವೇದಿಕೆಗೆ ಹೋಯಿತು. ವ್ಯವಸ್ಥೆ ಬರುವ ಮುಂಚಿನ ದರ, ಬಂದ ಮೇಲಿನ ದರ ಎಂದು ಎರಡನ್ನು ಪಕ್ಕಪಕ್ಕ ಇಡುವುದು ಪುರಾವೆಯಲ್ಲ. ಅವು ಬರದ ವರ್ಷಗಳು. 2015ರಲ್ಲಿ ತೊಗರಿ ದರ ದೇಶದುದ್ದಕ್ಕೂ ಗಗನಕ್ಕೇರಿತ್ತು. ಇ-ಟೆಂಡರ್ ಇಲ್ಲದ ರಾಜ್ಯಗಳಲ್ಲೂ ಏರಿತ್ತು. ಅಮೆರಿಕದ ಎಂಐಟಿಯ ಸಂಶೋಧಕರಿದ್ದ ತಂಡವೊಂದು 2020ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚು ಎಚ್ಚರದ್ದು. ವೇದಿಕೆಯಿಂದಾಗಿ ಭತ್ತಕ್ಕೆ ಶೇ 5.1, ಶೇಂಗಾಕ್ಕೆ 3.6, ಗೋವಿನಜೋಳಕ್ಕೆ 3.5ರಷ್ಟು ದರ ಏರಿತು. ಹತ್ತಿ, ಹೆಸರು, ತೊಗರಿಗೆ ಹೇಳಿಕೊಳ್ಳುವ ಪರಿಣಾಮ ಇಲ್ಲ ಎಂಬುದು ಅದರ ಫಲಿತಾಂಶ. ಇದನ್ನು ಹಾವೇರಿ ಜಿಲ್ಲೆಯಲ್ಲಿ ನಿಂತು ಓದಿ: ರಾಣೆಬೆನ್ನೂರಿನ ಗೋವಿನಜೋಳದವನಿಗೆ ಅಲ್ಪ ಲಾಭ, ಹಾವೇರಿಯ ಹತ್ತಿಯವನಿಗೆ ಇಲ್ಲ, ಬ್ಯಾಡಗಿಯ ಮೆಣಸಿನಕಾಯಿಯಂತೂ ಆ ಆರು ಬೆಳೆಗಳಲ್ಲೇ ಇಲ್ಲ. ಗುಣಭೇದ ಹೆಚ್ಚಿರುವ ಬೆಳೆಗೆ ಬರೀ ಸಂಖ್ಯೆ ಸಾಲದು ಎಂಬುದಕ್ಕೆ ಮೆಣಸಿನಕಾಯಿಗಿಂತ ಒಳ್ಳೆಯ ಪರೀಕ್ಷೆ ಎಲ್ಲಿತ್ತು? ಆ ಪರೀಕ್ಷೆಯೇ ನಡೆಯಲಿಲ್ಲ.

ವ್ಯವಸ್ಥೆಯ ಗುಣಗಳನ್ನೂ ಹೇಳಬೇಕು. ಚೀಟಿ ತಿದ್ದುವ, ದರ ಸೋರುವ ಹಳೆಯ ದಾರಿಗಳು ಕಿರಿದಾಗಿವೆ, ದಾಖಲೆ ಉಳಿಯುತ್ತದೆ, ಫಲಿತಾಂಶ ಬೇಗ ಸಿಗುತ್ತದೆ. ಹಳೆಯ ಕಾಲಕ್ಕೆ ಮರಳಿ ಎಂದು ಯಾರೂ ಕೇಳುತ್ತಿಲ್ಲ.

ಆದರೆ ‘ಏಕೆ’ ಎಂಬ ಪ್ರಶ್ನೆಗೆ ಉತ್ತರಿಸುವ ಕೆಲಸ ಇಂದಿಗೂ ದಲಾಲಿ ಅಂಗಡಿಯ ಗಾದಿಯ ಮೇಲೇ ನಡೆಯುತ್ತಿದೆ. ‘ಈ ವಾರ ಆವಕ ಜಾಸ್ತಿ, ಇನ್ನೊಂದು ಬಿಸಿಲು ಒಣಗಿಸಿ ತಗೊಂಡು ಬಾ’ ಎಂದು ಹೇಳುವವನು ದಲಾಲ. ಸುಧಾರಣೆಯ ಪಕ್ಷದವರು ಅವನನ್ನು ಖಳನಾಯಕ ಮಾಡಿದರು, ಕಾರಣ ತಿಳಿಸುವ ಅವನ ಕೆಲಸಕ್ಕೆ ಬದಲಿ ಒದಗಿಸಲಿಲ್ಲ. ಅವನೇ ಮುಂಗಡ ಸಾಲವನ್ನೂ ಕೊಟ್ಟವನು, ಹೀಗಾಗಿ ಅವನ ಸಲಹೆ ಪೂರ್ತಿ ನಿಸ್ಪೃಹವಾಗಿರಲಾರದು. ಅಂಥ ಮಾತಿನ ಮೇಲಷ್ಟೇ ರೈತ ನಿಲ್ಲುವಂತಾದದ್ದು ಮಾರುಕಟ್ಟೆ ನಡೆಸುವವರ ಹೊಣೆಗೇಡಿತನ.

ಸಾಧನ ಕೊಂಡರೆ ಸಂವಹನ ತಾನಾಗಿ ಆಗುತ್ತದೆ ಎಂಬ ನಂಬಿಕೆ ಎಲ್ಲ ಸಂಸ್ಥೆಗಳ ಮುಖ್ಯಸ್ಥರಿಗೂ ಇದೆ. ಎಪಿಎಂಸಿಯ ಆಡಳಿತ ಮಂಡಳಿ, ಕಾರ್ಯದರ್ಶಿಗಳು ಅದನ್ನು ಬಿಡಬೇಕು. ಟೆಂಡರ್ ಮುಗಿದೊಡನೆ ಪ್ರತಿ ಲಾಟಿಗೆ ಬಿದ್ದ ದರಗಳ ಸಂಖ್ಯೆ ಮತ್ತು ಎರಡನೆಯ ದರ ರೈತನ ಮೊಬೈಲಿಗೆ ಹೋಗಲಿ. ದರಪಟ್ಟಿಯಲ್ಲಿ ಮಾದರಿ ದರ ಮೊದಲು ಬರಲಿ. ತೇವ ಮತ್ತು ಬಣ್ಣದ ಅಳತೆ ಲಾಟಿನ ದಾಖಲೆಗೆ ಸೇರಲಿ. ಮುಂದಿನ ವಹಿವಾಟಿನ ಆವಕದ ಅಂದಾಜು ಲಾರಿ ಹೇರುವ ಮುಂಚೆಯೇ, ಕನ್ನಡದಲ್ಲೂ ತೆಲುಗಿನಲ್ಲೂ, ಬೆಳೆಗಾರರಿಗೆ ತಲುಪಲಿ. ಇಷ್ಟನ್ನು ಮಾಡುವವರೆಗೆ ಇ-ಟೆಂಡರನ್ನು ಪಾರದರ್ಶಕ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ.