ಹಳೆಯ ಪ್ರೊಸೆಸರಿಗೆ ಎಷ್ಟು ದೊಡ್ಡ ಕಾರ್ಡ್?

ಗೇಮ್ ಆಡುವಾಗ ಪರದೆಯ ಮೇಲೆ ಮೂಡುವ ಪ್ರತಿ ಫ್ರೇಮಿಗೂ ಇಬ್ಬರ ದುಡಿಮೆ ಬೇಕು. ಎದುರಾಳಿ ಎಲ್ಲಿದ್ದಾನೆ, ಗುಂಡು ತಗುಲಿತೇ, ಯಾವ ಗೋಡೆ ಕಾಣಬೇಕು ಎಂಬ ಲೆಕ್ಕವನ್ನೆಲ್ಲ ಪ್ರೊಸೆಸರ್ ಮುಗಿಸಿ ಆದೇಶ ಕಳಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಅದರಂತೆ ಚಿತ್ರ ಬಿಡಿಸುತ್ತದೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್, 144 ಬೇಕೆಂದರೆ 7ಕ್ಕೂ ಕಡಿಮೆ. ಇಬ್ಬರಲ್ಲಿ ಯಾರು ನಿಧಾನವೋ ಗೇಮ್ ಅವರ ವೇಗದಲ್ಲೇ ಓಡುತ್ತದೆ. ರೆಸಲ್ಯೂಶನ್ ಏರಿಸಿದರೆ ಕಾರ್ಡಿನ ಕೆಲಸ ಹೆಚ್ಚುತ್ತದೆ, ಪ್ರೊಸೆಸರಿನದು ಬಹುಮಟ್ಟಿಗೆ ಇದ್ದಷ್ಟೇ ಇರುತ್ತದೆ. ಹಾಗಾಗಿ ಇಂಥ ಜೋಡಿಗೆ ಶೇಕಡಾ ಇಷ್ಟು ಬಾಟಲ್‌ನೆಕ್ ಎಂದು ಒಂದೇ ಅಂಕಿ ಹೇಳಿಬಿಡುವ ಆನ್‌ಲೈನ್ ಕ್ಯಾಲ್ಕ್ಯುಲೇಟರುಗಳಿಗೆ ಕವಡೆಯಷ್ಟೂ ಬೆಲೆಯಿಲ್ಲ. ಗೇಮ್ ಬದಲಾದರೆ ಅಂಕಿಯೂ ಬದಲು.

ಬೇಕಾದ ಅಂಕಿ ಬೇರೆ: ಕೈಯಲ್ಲಿರುವ ಪ್ರೊಸೆಸರ್ ನಾವು ಆಡುವ ಗೇಮುಗಳಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಸಿದ್ಧಪಡಿಸಬಲ್ಲದು? ಅದನ್ನು ಕಾರ್ಡ್ ಕೊಳ್ಳುವ ಮೊದಲೇ ಅಳೆಯಬಹುದು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಅಳತೆಯ ತಂತ್ರಾಂಶ ಹಾಕಿಕೊಂಡು, ಗೇಮಿನ ರೆಸಲ್ಯೂಶನ್ ಅನ್ನು ತೀರ ಕೆಳಗಿಳಿಸಿ, ಜನಸಂದಣಿ ಇರುವ ಜಾಗದಲ್ಲಿ ಓಡಾಡಬೇಕು. ಕಾರ್ಡಿನ ಬಳಕೆ ಶೇ 95ರಿಂದ ಬಹಳ ಕೆಳಗೆ ಬಿದ್ದು, ಫ್ರೇಮ್ ಸಂಖ್ಯೆ ಒಂದು ಹಂತದಲ್ಲಿ ನಿಂತುಬಿಟ್ಟರೆ ಅದೇ ಪ್ರೊಸೆಸರಿನ ಮಿತಿ. ಆಗ ಪ್ರೊಸೆಸರ್ ಬಳಕೆ ಶೇ 50 ಎಂದು ಕಂಡರೂ ಮೋಸಹೋಗಬಾರದು. ಎಂಟು ಥ್ರೆಡ್‌ಗಳ ಚಿಪ್‌ನಲ್ಲಿ ಒಂದು ಥ್ರೆಡ್ ಪೂರ್ತಿ ದಣಿದರೂ ಒಟ್ಟು ಲೆಕ್ಕಕ್ಕೆ ಸೇರುವುದು ಶೇ 12.5 ಮಾತ್ರ, ಆದರೆ ಗೇಮ್ ಕಾಯುವುದು ಆ ಒಂದಕ್ಕಾಗಿಯೇ. ಸರಾಸರಿಗಿಂತ ಶೇ 1ರ ಕನಿಷ್ಠ ಫ್ರೇಮ್ ದರವನ್ನು, ಅಂದರೆ ಅತಿ ನಿಧಾನವಾದ ಶೇ 1 ಫ್ರೇಮುಗಳ ವೇಗವನ್ನು, ನೋಡುವುದು ಜಾಣತನ: ಹಳೆಯ ಪ್ರೊಸೆಸರಿನ ಸುಸ್ತು ಮೊದಲು ಕಾಣುವುದು ಆ ತಡವರಿಕೆಯಲ್ಲಿ.

2013ರ ಇಂಟೆಲ್ ಕೋರ್ ಐ7-4770 ಒಳ್ಳೆಯ ಉದಾಹರಣೆ. ನಾಲ್ಕು ಕೋರ್, ಎಂಟು ಥ್ರೆಡ್, ಡಿಡಿಆರ್3 ಮೆಮೊರಿ. ಇದರ ಜೊತೆಗೆ ಜಿಟಿಎಕ್ಸ್ 750 ಟಿಐ ಇದ್ದರೆ ಹೆಚ್ಚಿನ ಹೊಸ ಗೇಮುಗಳಲ್ಲಿ ಸೋಲುವುದು ಕಾರ್ಡೇ. ಅಲ್ಲಿಗೆ 2021ರ ಆರ್‌ಎಕ್ಸ್ 6600 ಬಂದರೆ 1080ಪಿಯಲ್ಲಿ ಮಿತಿ ಪ್ರೊಸೆಸರಿನತ್ತ ಸರಿಯುತ್ತದೆ. ಅದಕ್ಕಿಂತ ದೊಡ್ಡ ಕಾರ್ಡಿಗೆ ಸುರಿದ ಹಣ ಬಹುಪಾಲು ಸುಮ್ಮನೆ ಕೂರುತ್ತದೆ. ಹಾಗೆ ಉಳಿದ ಶಕ್ತಿಯನ್ನು ರೆಸಲ್ಯೂಶನ್, ಟೆಕ್ಸ್ಚರ್‌ಗಳಿಗೆ ಬಳಸಿ, ಪ್ರೊಸೆಸರಿಗೆ ಭಾರವಾಗುವ ಜನಸಂದಣಿ ಹಾಗೂ ರೇ ಟ್ರೇಸಿಂಗ್ ಸೆಟ್ಟಿಂಗ್‌ಗಳನ್ನು ಇಳಿಸಿ, ಫ್ರೇಮ್ ದರವನ್ನು 60ಕ್ಕೆ ಕಟ್ಟಿಹಾಕಿದರೆ ಆಟ ನುಣುಪಾಗುತ್ತದೆ. ಒಂದೇ ರ‍್ಯಾಮ್ ಸ್ಟಿಕ್ ಇದ್ದರೆ ಜೊತೆಗೆ ಇನ್ನೊಂದು ಹಾಕುವುದು ಅಗ್ಗದ ಮದ್ದು.

ಮದರ್‌ಬೋರ್ಡಿನ ಸ್ಲಾಟ್ ಕಡೆ ಕೊಳ್ಳುವವರ ಕಣ್ಣು ಹೋಗುವುದೇ ಕಡಿಮೆ. 4770 ಸ್ವತಃ ಪಿಸಿಐಇ 3.0 ಬಲ್ಲದು, ಆದರೆ ಅಗ್ಗದ ಎಚ್81 ಬೋರ್ಡುಗಳಲ್ಲಿ ಕಾರ್ಡಿನ ಸ್ಲಾಟ್ ಅದಕ್ಕಿಂತ ನಿಧಾನವಾದ 2.0ಕ್ಕೇ ನಿಲ್ಲುತ್ತದೆ. ಸ್ಲಾಟಿನಲ್ಲಿ ದತ್ತಾಂಶ ಸಾಗುವ ಹದಿನಾರೂ ಲೇನ್ ಬಳಸುವ ಹಳೆಯ ಕಾರ್ಡುಗಳಿಗೆ ಇದು ಅಷ್ಟಾಗಿ ನಾಟುವುದಿಲ್ಲ. ಈಚಿನ ಕಡಿಮೆ ಬೆಲೆಯ ಕಾರ್ಡುಗಳು ಲೇನ್‌ಗಳಲ್ಲೂ ಉಳಿತಾಯ ಮಾಡಿವೆ: ಆರ್‌ಎಕ್ಸ್ 6600 ಮತ್ತು ಆರ್‌ಟಿಎಕ್ಸ್ 4060ಕ್ಕೆ ಎಂಟು, ಆರ್‌ಎಕ್ಸ್ 6500 ಎಕ್ಸ್‌ಟಿಗೆ ನಾಲ್ಕೇ. 4 ಜಿಬಿ ಮೆಮೊರಿಯ 6500 ಎಕ್ಸ್‌ಟಿ, ಟೆಕ್ಸ್ಚರ್‌ಗಳು ಆ ಮೆಮೊರಿಯಲ್ಲಿ ಹಿಡಿಸದಾಗ ಈ ಕಿರಿದಾದ ದಾರಿಯಲ್ಲೇ ಓಡಾಡಬೇಕು, 3.0 ಸ್ಲಾಟಿನಲ್ಲೇ ಅದು ಎಡವುತ್ತದೆ. ಹಳೆಯ ಕಂಪ್ಯೂಟರಿಗೆಂದೇ ಮಾಡಿದಂತೆ ಕಾಣುವ ಕಾರ್ಡೇ ಅದಕ್ಕೆ ಅತ್ಯಂತ ಒಗ್ಗದ ಕಾರ್ಡ್!

ಡ್ರೈವರ್ ಸಹ ಪ್ರೊಸೆಸರಿನ ಹೆಗಲ ಮೇಲೆ ಕೂತು ಕೆಲಸ ಮಾಡುತ್ತದೆ. ಡೈರೆಕ್ಟ್‌ಎಕ್ಸ್ 12 ಗೇಮುಗಳಲ್ಲಿ ಎನ್‌ವಿಡಿಯಾ ಡ್ರೈವರ್ ಎಎಂಡಿಯದಕ್ಕಿಂತ ಹೆಚ್ಚು ಭಾರ ಹೇರುತ್ತದೆಂದು 2021ರ ಪರೀಕ್ಷೆಗಳು ತೋರಿಸಿದವು. ಇಂಟೆಲ್‌ನ ಆರ್ಕ್ ಕಾರ್ಡುಗಳಂತೂ ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೇ ತಲುಪಲು ಬಿಡುವ ರಿಸೈಜಬಲ್ ಬಾರ್ ಇಲ್ಲದೆ ಸೊರಗುತ್ತವೆ. ಆ ಸೌಲಭ್ಯ 4770ರ ಕಾಲದ ಬೋರ್ಡುಗಳಲ್ಲಿ ಇಲ್ಲ. ಬೆಲೆ ಎಷ್ಟೇ ಆಕರ್ಷಕವಾಗಿರಲಿ, ಇಂಥ ಕಂಪ್ಯೂಟರಿಗೆ ಆರ್ಕ್ ಬೇಡ.

ಇನ್ನು ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಸಿಗುವ ಆಫೀಸು ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್ 9020 4770ರ ಪೀಳಿಗೆಯದೇ. ಇದರ ಬೋರ್ಡಿಗೆ ಮಾಮೂಲಿ 24 ಪಿನ್ ಬದಲು 8 ಪಿನ್ ಪ್ಲಗ್ ಇರುವುದರಿಂದ ಅಂಗಡಿಯ ಎಸ್‌ಎಂಪಿಎಸ್ ನೇರವಾಗಿ ಕೂರುವುದಿಲ್ಲ. 132 ವ್ಯಾಟಿನ ಆರ್‌ಎಕ್ಸ್ 6600 ಇಲ್ಲಿಗೆ ಹೊಂದದು. ಸ್ಲಾಟಿನಿಂದಲೇ ವಿದ್ಯುತ್ ಪಡೆಯುವ, 70 ವ್ಯಾಟಿನ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ಸರಿಹೋಗುತ್ತದೆ. ಸಣ್ಣ ಕ್ಯಾಬಿನೆಟ್ ಆದರೆ ಅದೇ ಮಾದರಿಯ ಲೋ ಪ್ರೊಫೈಲ್ ಕಾರ್ಡ್ ಕೇಳಿ ತರಬೇಕು.

ಎಎಂಡಿಯ ಎಎಂ4 ಬೋರ್ಡ್ ಇದ್ದವರ ಮಾತು ಬೇರೆ. 2017ರ ರೈಜೆನ್ 5 1600 ಕೂರಿಸಿದ ಎಷ್ಟೋ ಬೋರ್ಡುಗಳಿಗೆ 2022ರಲ್ಲಿ ಬಂದ ಬಯಾಸ್ ಅಪ್‌ಡೇಟ್ ಹಾಕಿದರೆ ರೈಜೆನ್ 5 5600 ಇಲ್ಲವೇ 5800ಎಕ್ಸ್3ಡಿ ನಡೆಯುತ್ತದೆ. ಅಪ್‌ಡೇಟನ್ನು ಹಳೆಯ ಚಿಪ್ ಇರುವಾಗಲೇ ಮಾಡಿಕೊಳ್ಳಬೇಕು. ಅಂಥವರು ಮೊದಲು ಪ್ರೊಸೆಸರ್ ಬದಲಿಸಿ, ಕಾರ್ಡಿನ ಯೋಚನೆಯನ್ನು ಆಮೇಲೆ ಮಾಡುವುದು ಒಳ್ಳೆಯದು. 4770ಕ್ಕೆ ಆ ದಾರಿಯಿಲ್ಲ. ಅದೇ ಸಾಕೆಟ್ಟಿನಲ್ಲಿ ಕೂರುವ ಇಂಟೆಲ್ ಚಿಪ್‌ಗಳಲ್ಲಿ ನಾಲ್ಕು ಕೋರ್ ದಾಟಿದ್ದು ಒಂದೂ ಇಲ್ಲ.